ಅಭಿಮಾನವೂ ಕೃತಿಸ್ವಾಮ್ಯವೂ

ಗಾಯಕನನ್ನೋ ನಟನನ್ನೋ ಮೆಚ್ಚಿದವರು ಆತನ ಚಿತ್ರಗಳನ್ನು ಪರಸ್ಪರ ಹಂಚಿಕೊಂಡು ಸಂತೋಷಪಡುವುದು ಸಹಜವಾದುದು. ಅಂತರ್ಜಾಲವು ಬಂದ ಮೇಲೆ ಒಂದು ಚಿತ್ರವು ಕ್ಷಣಮಾತ್ರದಲ್ಲಿ ಸಹಸ್ರಾರು ಕೈಗಳನ್ನು ಸೇರುತ್ತದೆ. ಆಗ ಚಿತ್ರದಲ್ಲಿರುವವನು ಎಲ್ಲರ ಮನಸ್ಸಿನಲ್ಲಿಯೂ ಇರುತ್ತಾನೆ. ಚಿತ್ರವನ್ನು ತೆಗೆದವನು ಯಾರ ನೆನಪಿಗೂ ಬಾರನು. ಅಭಿಮಾನದಿಂದ ಹುಟ್ಟಿದ ಈ ಮರವೆಯು ಕ್ಷಮ್ಯವೇ ಎಂಬುದು ವಿಚಾರಾರ್ಹವಾದ ವಿಷಯ.

ಕೃತಿಕೃತಿಗಳೊಳಗಣ ಸಾಮ್ಯವನ್ನು ಭಾರತೀಯ ಆಲಂಕಾರಿಕರು ಬಹುಹಿಂದೆಯೇ ವಿವೇಚಿಸಿರುವರು. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಕಾವ್ಯಗಳ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದನು: ಪ್ರತಿಬಿಂಬದಂತಿರುವುದು, ಬರೆದ ಚಿತ್ರದಂತಿರುವುದು, ರೂಪದಲ್ಲಿ ಹೋಲುವ ಇಬ್ಬರು ದೇಹಿಗಳಂತಿರುವುದು. ಮೊದಲೆರಡು ತ್ಯಾಜ್ಯ, ಮೂರನೆಯದಕ್ಕೆ ತನ್ನದೇ ಆದ ಆತ್ಮವಿರುವುದರಿಂದ ಅದು ಗ್ರಾಹ್ಯ. ಈ ಅಳತೆಯನ್ನು ಚಿತ್ರಗಳಿಗೆ ಅನ್ವಯಿಸಿದರೆ, ಪರರ ಛಾಯಾಚಿತ್ರವನ್ನು ಇದ್ದಂತೆಯೇ ಹಂಚುವುದು ಪ್ರತಿಬಿಂಬ. ಅದಕ್ಕೆ ಬಣ್ಣ ಬಳಿದು ತನ್ನದೆನ್ನುವುದು ಆಲೇಖ್ಯ. ಅಭಿಮಾನಿಯು ಸ್ವಕಲ್ಪನೆಯಿಂದ ಬರೆದ ಚಿತ್ರವೊಂದೇ ಮೂರನೆಯ ವರ್ಗಕ್ಕೆ ಸೇರತಕ್ಕದ್ದು.

ಆದರೆ ಹೊಸ ಜೀವವಿದ್ದ ಮಾತ್ರಕ್ಕೆ ಮೂಲಕರ್ತೃವಿನ ಋಣವು ತೀರಿತೆ? ಅಮೆರಿಕದ ವ್ಯಾಜ್ಯವೊಂದು ಈ ಪ್ರಶ್ನೆಯನ್ನೇ ಎತ್ತಿತು. ಲಿನ್ ಗೋಲ್ಡ್‌ಸ್ಮಿತ್ ಎಂಬ ಮಹಿಳೆಯು 1981ರಲ್ಲಿ ಪ್ರಿನ್ಸ್ ಎಂಬ ಗಾಯಕನ ಛಾಯಾಚಿತ್ರವನ್ನು ತೆಗೆದರು. 1984ರಲ್ಲಿ ವ್ಯಾನಿಟಿ ಫೇರ್ ಪತ್ರಿಕೆಯು 400 ಡಾಲರು ಕೊಟ್ಟು, ಒಂದೇ ಬಾರಿಯ ಉಪಯೋಗಕ್ಕೆಂದು ಅನುಮತಿ ಪಡೆದು, ಅದರ ಆಧಾರದ ಮೇಲೆ ಪ್ರಸಿದ್ಧ ಕಲಾವಿದ ಆಂಡಿ ವಾರ್ಹಾಲರಿಂದ ಚಿತ್ರ ಬರೆಯಿಸಿತು. ವಾರ್ಹಾಲರು ಇನ್ನೂ 15 ಚಿತ್ರಗಳನ್ನು ರಚಿಸಿದರು. 2016ರಲ್ಲಿ ಪ್ರಿನ್ಸ್ ನಿಧನಹೊಂದಿದಾಗ ಅವುಗಳಲ್ಲೊಂದು ಸ್ಮರಣ ಸಂಚಿಕೆಯ ಮುಖಪುಟವನ್ನೇರಿತು. ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರು ಸಂದಿತು. ಛಾಯಾಗ್ರಾಹಕಿಗೆ ಹಣವೂ ಇಲ್ಲ, ಹೆಸರೂ ಇಲ್ಲ. ಮೂಲಚಿತ್ರವೂ ಈ ಚಿತ್ರವೂ ಒಂದೇ ಪ್ರಯೋಜನಕ್ಕೆ, ಅದೂ ಹಣಕ್ಕಾಗಿ, ವಿನಿಯೋಗವಾದುವೆಂದು ಎಣಿಸಿ, ಅಲ್ಲಿನ ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಏಳು ಮಂದಿಯ ಬಹುಮತದಿಂದ ಗೋಲ್ಡ್‌ಸ್ಮಿತ್ತರ ಪಕ್ಷವನ್ನು ಎತ್ತಿಹಿಡಿಯಿತು. ಇಂತಹ ತೀರ್ಪಿನಿಂದ ಕಲೆಯು ಕುಗ್ಗುವುದೆಂದು ಉಳಿದ ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ತಾಳಿದರು. ಅದು ತಳ್ಳಿಹಾಕುವ ಮಾತಲ್ಲ. ಆದರೂ ಕೃತಿಯು ಹೊಸದೇ ಎಂಬುದು ರಸವಿಚಾರ. ಮೂಲಕರ್ತೃವಿಗೆ ಸಲ್ಲತಕ್ಕದ್ದು ಸಂದಿತೇ ಎಂಬುದು ಧರ್ಮವಿಚಾರ. ಮೊದಲನೆಯದರ ಉತ್ತರದಿಂದ ಎರಡನೆಯದು ತೀರದು.

ಭಾರತದ ನ್ಯಾಯವೂ ಈ ವಿಷಯದಲ್ಲಿ ಮೌನವಾಗಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಚಿತ್ರಗಳ ಸ್ವಾಮ್ಯವು ಕರ್ತೃವಿನ ಜೀವಮಾನವೂ ಅನಂತರ 60 ವರ್ಷವೂ ಇರತಕ್ಕದ್ದು. 2012ರ ತಿದ್ದುಪಡಿಯು ಛಾಯಾಚಿತ್ರಗಳಿಗೂ ಇದೇ ಅವಧಿಯನ್ನು ವಿಧಿಸಿತು. 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರಗಳನ್ನು ಯಾರು ಬೇಕಾದರೂ ಹಂಚಬಹುದು. ನಿನ್ನೆ ತೆಗೆದ ನಟನ ಚಿತ್ರವನ್ನು ಹಾಗೆ ಹಂಚಲಾಗದು. ಖಾಸಗಿ ಉಪಯೋಗಕ್ಕೂ ವಿಮರ್ಶೆಗೂ ಉಚಿತವಾದ ಮಿತಿಯೊಳಗೆ ಅವಕಾಶವುಂಟು. ಸಾವಿರ ಜನಕ್ಕೆ ಹರಡಿದುದನ್ನು ಖಾಸಗಿಯೆನ್ನುವುದು ಹೇಗೆ? ಸ್ವಾಮ್ಯವನ್ನು ಮಾರಿದ ಮೇಲೆಯೂ ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಕಲಮು ಕರ್ತೃವಿಗೆ ಉಳಿಸಿದೆ.

ಹೆಸರು ಹಾಕಿದರೆ ಸಾಕೆಂದು ಕೆಲವರು ಸಮಾಧಾನ ಹೇಳುವರು. ಹೆಸರು ಅನುಮತಿಯಲ್ಲ, ಅನುಮತಿ ದೊರೆತರೂ ಹೆಸರನ್ನು ಬಿಡಲಾಗದು. ಕನ್ನಡನಾಡಿನ ಮನೆಗಳಲ್ಲಿ ಕೀರ್ತನೆಯನ್ನು ಹಾಡುವವರು ಪುರಂದರವಿಠಲನ ಅಂಕಿತವನ್ನು ಬಿಟ್ಟು ಹಾಡುವುದಿಲ್ಲ. ಚಿತ್ರದ ಅಂಚಿನಲ್ಲಿರುವ ಹೆಸರೂ ಅಂತಹ ಅಂಕಿತವೇ. ಅದನ್ನು ಕತ್ತರಿಸಿ ಹಂಚುವವರು ಈ ಸಂಪ್ರದಾಯವನ್ನು ನೆನೆಯುವುದೊಳ್ಳೆಯದು. ಕೇಳಿ ಪಡೆಯುವುದು, ಹೆಸರನ್ನು ಉಳಿಸುವುದು, ಕರ್ತೃವು ಬೇಡವೆಂದರೆ ಬಿಡುವುದು: ನಿಜವಾದ ಅಭಿಮಾನಿಗೆ ಇದು ಭಾರವಾಗಬಾರದು.