ಎರೆ ನೆಲದ ಊರಿಗೆ ಎಂಥ ಟೈರು?

ಹಳೆ ಬೊಲೆರೊಗೆ ಟೈರು ಆರಿಸುವಾಗ ನಮ್ಮ ಕಡೆ ಕಣ್ಣೇ ತೀರ್ಪುಗಾರ. ಅಂಗಡಿ ಮುಂದೆ ನಿಲ್ಲಿಸಿದವುಗಳಲ್ಲಿ ಯಾವುದರ ಗಟ್ಟೆ ದಪ್ಪವೋ, ಯಾವುದರ ಅಕ್ಷರ ಬಿಳಿಯೋ, ಅದರ ಮೇಲೆ ಕೈ ಹೋಗುತ್ತದೆ. ಬಾಳೆಹೊಸೂರಿನಿಂದ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಪಾಳಾ-ಬಾದಾಮಿ ರಸ್ತೆ ಹಿಡಿದು ಗದಗಕ್ಕೆ ದಿನಾ ನೌಕರಿಗೆ ಹೋಗಿಬರುವವರ ಗಾಡಿಗಳಲ್ಲೂ ಕಾಡಿಗೆ ಹೋಗುವಂಥ ಟೈರುಗಳೇ ಕಾಣುತ್ತಿವೆ. ಕೇಳಿದರೆ ಉತ್ತರ ಒಂದೇ: ‘ನಮ್ಮದು ಎರಿ ಹೊಲ ಅಲ್ರೀ, ಇವೇ ಬೇಕು.’ ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಮಳೆಗಾಲದ ಡಾಂಬರಿನ ಮೇಲೆ ಜೀವಕ್ಕೆ ಕುತ್ತು ತರಬಲ್ಲದು.

ಎರೆ ಮಣ್ಣಿನ ಸ್ವಭಾವವನ್ನೇ ನೋಡೋಣ. ಹಸಿಯಾದ ಎರೆ ಅಂಟುತ್ತದೆ, ಅಂಟಿದ್ದು ಸುಲಭಕ್ಕೆ ಬಿಡುವುದಿಲ್ಲ. ಎಟಿ ಎಂದು ಕರೆಯುವ, ರಸ್ತೆಗೂ ಕಚ್ಚಾ ದಾರಿಗೂ ಆಗುತ್ತದೆಂದು ಮಾರುವ ಟೈರಿನ ಅಗಲವಾದ ಸಂದುಗಳು ಮರಳಿನಲ್ಲಿ, ಗರಸಿನಲ್ಲಿ, ಕಲ್ಲುಚೂರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಎರೆಯಲ್ಲಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಆ ಸಂದುಗಳು ತುಂಬಿ, ಟೈರು ಮಣ್ಣಿನ ಉಂಡೆಯಾಗುತ್ತದೆ. ಆಮೇಲೆ ಯಾವ ಅಚ್ಚಿನ ಟೈರಾದರೂ ಒಂದೇ. ಬೊಲೆರೊಗಳಲ್ಲಿ ಹೆಚ್ಚಿನವು ಹಿಂದಿನ ಎರಡು ಗಾಲಿಯ ಬಲದಲ್ಲೇ ಓಡುವಂಥವು. ಹದ ಮಳೆ ಬಿದ್ದ ಮರುದಿನ ಹೊಲದ ದಾರಿಗೆ ಅವನ್ನು ಇಳಿಸದಿರುವುದೇ ಸರಿ. ದೊಡ್ಡ ಗಟ್ಟೆಯ ಟೈರು ಅಲ್ಲಿ ಕೊಡುವುದು ಹುಸಿ ಧೈರ್ಯ.

ನಿಜವಾದ ಅಪಾಯ ಇರುವುದು ಡಾಂಬರಿನ ಮೇಲೆ. ಗದಗ ಜಿಲ್ಲೆಯಲ್ಲಿ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರ್‌ಗೆ ಹೆಚ್ಚು. ಅದೇ ಹೊತ್ತಿಗೆ ಹಿಂಗಾರಿ ಬಿತ್ತನೆ. ಹೊಲದಿಂದ ಎದ್ದು ಬಂದ ಟ್ರ್ಯಾಕ್ಟರ್‌ಗಳು ರಸ್ತೆಯುದ್ದಕ್ಕೂ ಎರೆ ಹೆಂಟೆಗಳನ್ನು ಉದುರಿಸುತ್ತಾ ಹೋಗುತ್ತವೆ. ಮೇಲೆ ತುಂತುರು ಬಿದ್ದರೆ ಡಾಂಬರಿಗೆ ಒಂದು ಜಾರು ಪದರ ಕೂತುಬಿಡುತ್ತದೆ. ಬೆಳಿಗ್ಗೆ ಡ್ಯೂಟಿಗೆ ತಡವಾಯಿತೆಂದು ಓಡಿಸುವವನಿಗೆ ಎದುರಾಗುವ ಪರೀಕ್ಷೆ ಇದು. ಇಲ್ಲಿ ಬೇಕಾದದ್ದು ನೀರನ್ನು ಹೊರದಬ್ಬುವ ಉದ್ದ ಗೆರೆಗಳು ಮತ್ತು ರಸ್ತೆಗೆ ಹೆಚ್ಚು ಮೈ ತಾಗಿಸುವ ಮೆತ್ತನೆಯ ರಬ್ಬರು, ಅಂದರೆ ಎಚ್‌ಟಿ ಎಂದು ಕರೆಯುವ ಹೆದ್ದಾರಿ ಟೈರು. ಅಪೊಲೊ ಆಪ್ಟೆರಾ, ಜೆಕೆ ರೇಂಜರ್, ಸಿಯೆಟ್ ಝಾರ್ ಸರಣಿಗಳಲ್ಲಿ ಎಟಿಯೂ ಉಂಟು, ಎಚ್‌ಟಿಯೂ ಉಂಟು. ಹೆಸರು ಒಂದೇ ಇದ್ದರೂ ಗುಣ ಬೇರೆ. ದಿನಾ ಡಾಂಬರಿನ ಮೇಲೆ ಓಡುವವನಿಗೆ ಎಟಿ ಕೊಡುವುದು ಗುಂಯ್ ಎನ್ನುವ ಸದ್ದು, ಕಡಿಮೆ ಮೈಲೇಜು, ಮತ್ತು ಹಸಿ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಇನ್ನಷ್ಟು ದೂರದ ಓಟ.

ಎಟಿಯ ಪರವಾಗಿ ಹೇಳಬೇಕಾದದ್ದೂ ಒಂದಿದೆ. ಬೇಸಿಗೆಯಲ್ಲಿ ಎರೆ ದಾರಿಯ ಚಕ್ಕಡಿ ಜಾಡುಗಳು ಒಣಗಿ ಕಲ್ಲಿನಂತಾಗುತ್ತವೆ. ಆ ಅಂಚುಗಳು ಟೈರಿನ ಪಕ್ಕೆಯನ್ನು ಸೀಳಬಲ್ಲವು, ಎಟಿಯ ಪಕ್ಕೆ ಸಾಮಾನ್ಯವಾಗಿ ಗಟ್ಟಿ. ಮನೆ ಇರುವುದೇ ತೋಟದಲ್ಲಿ, ಪ್ರತಿದಿನ ಅಂಥ ದಾರಿಯಲ್ಲೇ ಬರಬೇಕು ಎನ್ನುವವರು ಎಟಿ ಹಾಕಿಸಲಿ. ಜಾಲಿ ಮುಳ್ಳಿನ ಮಾತು ಬೇರೆ. ಅದಕ್ಕೆ ಅಚ್ಚು ಪರಿಹಾರವಲ್ಲ, ಟ್ಯೂಬ್‌ಲೆಸ್ ಪರಿಹಾರ. ಮುಳ್ಳು ಚುಚ್ಚಿದರೂ ಗಾಳಿ ನಿಧಾನ ಇಳಿಯುತ್ತದೆ, ಪಂಚರ್ ಅಂಗಡಿವರೆಗೆ ಹೋಗಬಹುದು. ಆದರೆ ಟ್ಯೂಬಿಗೆಂದು ಮಾಡಿದ ಹಳೆ ಡಿಸ್ಕಿನ ಮೇಲೆ, ತುಕ್ಕು ತಿಂದ ಅಂಚಿನ ಮೇಲೆ ಟ್ಯೂಬ್‌ಲೆಸ್ ಕೂರಿಸುವುದು ಬೇಡ. ಹಳೆ ಗಾಡಿಯಲ್ಲಿ ಮೊದಲು ಡಿಸ್ಕ್ ನೋಡಬೇಕು, ಆಮೇಲೆ ಟೈರು.

ಅಳತೆಯ ವಿಷಯದಲ್ಲಿ ನಮ್ಮವರ ಉದಾರತೆ ನನಗೆ ಅರ್ಥವಾಗಿಲ್ಲ. ಬೊಲೆರೊಗೆ ಬಂದದ್ದು 215/75 ಆರ್15: ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅದರ ನೂರಕ್ಕೆ 75, ಡಿಸ್ಕು 15 ಇಂಚು. ಗಾಡಿ ಎತ್ತರ ಕಾಣಲೆಂದು 235/75 ಹಾಕಿಸುತ್ತಾರೆ. ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಇದ್ದದ್ದು 733ಕ್ಕೆ ಏರುತ್ತದೆ. ಮೀಟರು 80 ತೋರಿಸುವಾಗ ಟೈರಿನ ಲೆಕ್ಕದಲ್ಲಿ 83 ದಾಟಿರುತ್ತದೆ. ಎಂಜಿನ್ ಎಳೆಯುವುದು ಭಾರ, ಸ್ಟೇರಿಂಗ್ ಭಾರ, ಬ್ರೇಕಿಗೂ ಹೆಚ್ಚಿನ ಕೆಲಸ. ಅಳತೆಯ ಪಕ್ಕದಲ್ಲೇ ಇರುವ ಅಂಕಿಯನ್ನು ಮಾತ್ರ ಯಾರೂ ಓದುವುದಿಲ್ಲ. 100 ಎಂದಿದ್ದರೆ ಒಂದು ಟೈರು 800 ಕಿಲೊ ಹೊರಬಲ್ಲದು. ವಾರವೆಲ್ಲ ಆಫೀಸಿಗೆ ಓಡಿದ ಗಾಡಿಯೇ ಸಂತೆ ದಿನ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೊರಡುವ ಊರಿನಲ್ಲಿ, ಈ ಅಂಕಿ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಆಗಲೇಕೂಡದು.

ಕಂಪನಿ ನಿಷ್ಠೆ ಇನ್ನೊಂದು ರೂಢಿ. ಲಾರಿಗೆ, ಟ್ರ್ಯಾಕ್ಟರಿಗೆ ಒಳ್ಳೆಯ ಹೆಸರು ಮಾಡಿದ ಕಂಪನಿಯನ್ನೇ ಮನೆತನದ ಗುರುತಿನಂತೆ ಬೊಲೆರೊಗೂ ಕೇಳುವವರಿದ್ದಾರೆ. ಮೈಸೂರಿನ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಜೆಕೆ ಕೈಗೆ ಹೋದ ಮೇಲೂ ಹಳಬರ ಬಾಯಲ್ಲಿ ಆ ಹೆಸರು ಉಳಿದದ್ದಕ್ಕೆ ಕಾರಣವಿದೆ, ಅದು ದುಡಿದ ಟೈರು. ಆದರೆ ಟ್ರ್ಯಾಕ್ಟರಿನ ಟೈರು ಬಾಳಿಕೆ ಬಂತೆಂದರೆ ಅದೇ ಕಂಪನಿಯ ಕಾರಿನ ಟೈರು ಹಸಿ ರಸ್ತೆಯಲ್ಲಿ ಹಿಡಿಯುತ್ತದೆ ಎಂದಾಗುವುದಿಲ್ಲ. ಹಸಿ ರಸ್ತೆಯ ಹಿಡಿತಕ್ಕೆ, ಉರುಳುವಾಗಿನ ಎಳೆತಕ್ಕೆ, ಸದ್ದಿಗೆ ಇಂತಿಷ್ಟು ಎಂಬ ಮಟ್ಟವನ್ನು ಕೇಂದ್ರ ಸರ್ಕಾರ 2022ರಲ್ಲಷ್ಟೇ ಕಡ್ಡಾಯ ನಿಯಮಕ್ಕೆ ತಂದಿತು.

ನನ್ನ ಮಟ್ಟಿಗೆ ಕಂಪನಿಗಿಂತ ಮುಖ್ಯವಾದದ್ದು ಟೈರು ಹುಟ್ಟಿದ ವಾರ. ಪಕ್ಕೆಯ ಮೇಲಿನ ನಾಲ್ಕು ಅಂಕಿ 3524 ಎಂದಿದ್ದರೆ 2024ರ 35ನೇ ವಾರದ್ದು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ರಬ್ಬರು ಓಡದೆಯೂ ಮುಪ್ಪಾಗುತ್ತದೆ. ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಕಂಡಿತೆಂದರೆ ಗೆರೆ ಎಷ್ಟೇ ಆಳವಿರಲಿ, ನಂಬಬಾರದು. ಸೆಕೆಂಡ್ ಹ್ಯಾಂಡ್ ಟೈರು ಅಗ್ಗಕ್ಕೆ ಸಿಕ್ಕಿತೆಂದು ತರುವವರು ಗೆರೆ ನೋಡುತ್ತಾರೆ, ವರ್ಷ ನೋಡುವುದಿಲ್ಲ. ಸವೆದ ಟೈರಿಗೆ ಹೊಸ ಗೆರೆ ಹಾಕಿಸುವ ರಿಸೋಲ್ ಕೂಡ ಅಷ್ಟೇ. ಬಸ್ಸು, ಲಾರಿಗಳಿಗೆ ಅದು ನಡೆಯುತ್ತದೆ, ಅವುಗಳ ಟೈರಿನ ಮೈಕಟ್ಟು ಅದಕ್ಕೆ ತಕ್ಕದ್ದು. ಸಂಸಾರ ಕೂರಿಸಿಕೊಂಡು ಓಡುವ ಬೊಲೆರೊಗೆ ಅದನ್ನು ನಾನು ಒಪ್ಪಲಾರೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳತಕ್ಕೆ ಹೋಗುವ ಒತ್ತಾಯ ಆ ಮಟ್ಟಿಗಾದರೂ ತಗ್ಗಿದೆ.

ಕಾನೂನು ಕೇಳುವುದು 1.6 ಮಿ.ಮೀ. ಗೆರೆಯಾಳ. ಹಿಂಗಾರಿಗೆ ಮುನ್ನ 3ಕ್ಕೆ ಬಂದಿದ್ದರೆ ಬದಲಿಸುವುದೇ ಲೇಸು. ನಾಲ್ಕೂ ಒಟ್ಟಿಗೆ ಕೊಳ್ಳಲು ಕೈ ಸಾಗದಿದ್ದರೆ ಎರಡು. ಆಗ ಅಂಗಡಿಯಲ್ಲಿ ಒಂದು ವಾದ ಹುಟ್ಟುತ್ತದೆ: ‘ಹೊಸಾವು ಮುಂದ ಹಾಕ್ರಿ ಅಣ್ಣಾರ, ಮುಂದಿಂದು ಸಿಡದ್ರ ಗಾಡಿ ಕೈಗೆ ಸಿಗೂದಿಲ್ಲ.’ ಕಾಳಜಿಯ ಮಾತೇ. ಆದರೂ ಹೊಸವು ಹಿಂದಕ್ಕೇ ಹೋಗಬೇಕು. ಹಸಿ ರಸ್ತೆಯಲ್ಲಿ ಮುಂದಿನ ಗಾಲಿ ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿತ ಬರುತ್ತದೆ. ಹಿಂದಿನ ಗಾಲಿ ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ. ಹಿಂದೆ ಪಾಟಾ (ಲೀಫ್ ಸ್ಪ್ರಿಂಗ್) ಇರುವ, ಭಾರವಿಲ್ಲದಾಗ ಹಿಂಬದಿ ಹಗುರಾಗುವ ಬೊಲೆರೊದಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಸಿಡಿಯುವ ಭಯಕ್ಕೆ ಮದ್ದು ಬೇರೆ: ಮುಪ್ಪಾದ ಟೈರು ಎಲ್ಲಿಯೂ ಇರಬಾರದು, ಬೆಳಗಿನ ತಂಪಿನಲ್ಲಿ ಗಾಳಿ ಸರಿಯಾಗಿ ನೋಡಿಸಬೇಕು. ಗಾಳಿ ಕಡಿಮೆಯಾದ ಟೈರು ಬೇಸಿಗೆಯಲ್ಲಿ ಒಳಗೊಳಗೇ ಕಾಯುತ್ತದೆ.

ಕಳಚಿದ ಟೈರುಗಳನ್ನು ಅಂಗಡಿಯಲ್ಲೇ ಬಿಟ್ಟು ಬರುವ ಮೊದಲು ಒಮ್ಮೆ ನೋಡಬೇಕು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇದ್ದು ಓಡಿದೆ, ನಡುವೆ ಸವೆದಿದ್ದರೆ ಹೆಚ್ಚು ಇದ್ದು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಹಳೆ ಗಾಡಿಯಲ್ಲಿ ಬುಷ್, ಬಾಲ್ ಜಾಯಿಂಟುಗಳೂ ಸಡಿಲವಾಗಿರುತ್ತವೆ. ಅವನ್ನು ಹಾಗೇ ಬಿಟ್ಟರೆ ಹೊಸ ಟೈರೂ ಅದೇ ದಾರಿ ಹಿಡಿಯುತ್ತದೆ. ಕಳಚಿದ ನಾಲ್ಕರಲ್ಲಿ ಬಿರುಕಿಲ್ಲದ, ವರ್ಷ ಮೀರದ ಒಂದು ಸಿಕ್ಕರೆ ಅದನ್ನು ಸ್ಟೆಪ್ನಿಗೆ ಹಾಕಿಸಿಕೊಳ್ಳಬಹುದು.