ಮಬ್ಬನ್ನೂ ಹಿಡಿದ ಕ್ಯಾಮೆರಾ

ಮಂಗಳಯಾನದ ಚಿತ್ರಗಳನ್ನು ಹೊಗಳುವವರೂ ತೆಗಳುವವರೂ ಒಂದೇ ಪ್ರಶ್ನೆ ಕೇಳುತ್ತಾರೆ: ಎಷ್ಟು ಸಣ್ಣದು ಕಾಣುತ್ತದೆ? ಆ ಲೆಕ್ಕಕ್ಕೆ ಇಸ್ರೋದ ಮಾರ್ಸ್ ಕಲರ್ ಕ್ಯಾಮೆರಾ ಸೋಲುತ್ತದೆ, ಅನುಮಾನವೇ ಬೇಡ. ನಾಸಾದ ಹೈರೈಸ್ ಕ್ಯಾಮೆರಾ ಸುಮಾರು 300 ಕಿ.ಮೀ. ಎತ್ತರದಿಂದ ಒಂದು ಮೀಟರ್ ಗಾತ್ರದ ಬಂಡೆಯನ್ನೂ ಗುರುತಿಸುತ್ತದೆ. 2014ರ ಸೆಪ್ಟೆಂಬರ್ 25ರಂದು ನಾವು ಕಂಡ ನಮ್ಮ ಮೊದಲ ಚಿತ್ರ 7,300 ಕಿ.ಮೀ. ಮೇಲಿನಿಂದ ತೆಗೆದದ್ದು, ಅದರ ಒಂದು ಚುಕ್ಕಿಗೆ ನೆಲದ 376 ಮೀಟರ್ ಸಮ. ನಮ್ಮ ಚಾರ್ಮಾಡಿ ಘಾಟಿಯ ರಸ್ತೆಯನ್ನು ಅಷ್ಟೆತ್ತರದಿಂದ ತೆಗೆದಿದ್ದರೆ ಒಂದು ಹಿಮ್ಮುರಿ ತಿರುವು, ಪಕ್ಕದ ಝರಿ, ತಡೆಗೋಡೆ, ಎದುರಿನ ಲಾರಿಗೆ ದಾರಿಬಿಟ್ಟು ನಿಂತ ಬಸ್ಸು ಎಲ್ಲವೂ ಆ ಒಂದೇ ಚುಕ್ಕಿಯೊಳಗೆ ಅಡಗುತ್ತಿದ್ದವು.

ಇದಕ್ಕೆ ಕಾರಣ ಕಕ್ಷೆ. ಪಿಎಸ್‌ಎಲ್‌ವಿ ರಾಕೆಟ್ ಎತ್ತಬಲ್ಲ ಭಾರ, ನೌಕೆಯಲ್ಲಿ ಉಳಿದ ಇಂಧನ ಎರಡಕ್ಕೂ ಮಿತಿಯಿತ್ತು. ಹಾಗಾಗಿ ನೌಕೆ ಹತ್ತಿರ ಬಂದಾಗ ಸುಮಾರು 420 ಕಿ.ಮೀ., ದೂರ ಹೋದಾಗ 77,000 ಕಿ.ಮೀ.; ಒಂದು ಸುತ್ತಿಗೆ ಮೂರು ದಿನ. ಹತ್ತಿರದಿಂದ ನೋಡುವ ಅವಕಾಶ ಸಿಗುತ್ತಿದ್ದುದು ಆಗೊಮ್ಮೆ ಈಗೊಮ್ಮೆ, ಅದೂ ಸ್ವಲ್ಪ ಹೊತ್ತು. ಇಡೀ ಗ್ರಹದ ಸೂಕ್ಷ್ಮ ನಕ್ಷೆ ಇಂಥ ಕಕ್ಷೆಯಿಂದ ಆಗುವ ಕೆಲಸವೇ ಅಲ್ಲ.

ಆದರೆ ದೂರ ಹೋದ ಆ ದಿನಗಳೇ ಈ ಕ್ಯಾಮೆರಾದ ನಿಜವಾದ ಗಳಿಕೆ ಎಂದು ನಾನು ನಂಬಿದ್ದೇನೆ. ಸೆಪ್ಟೆಂಬರ್ 28ರಂದು 74,500 ಕಿ.ಮೀ. ಆಚೆಯಿಂದ ತೆಗೆದ ಚಿತ್ರದಲ್ಲಿ ಮಂಗಳ ಒಂದೇ ಚೌಕಟ್ಟಿನಲ್ಲಿದೆ. ಉತ್ತರಾರ್ಧದಲ್ಲಿ ಎದ್ದ ಧೂಳಿನ ಬಿರುಗಾಳಿಯೂ ಇದೆ. ತಗ್ಗಿನಲ್ಲಿ ಸುತ್ತುವ ನೌಕೆಗಳು ಇಂಥ ನೋಟವನ್ನು ಪಟ್ಟಿಪಟ್ಟಿಯಾಗಿ ಜೋಡಿಸಿಕೊಳ್ಳಬೇಕು. ಡೀಮೋಸ್ ಉಪಗ್ರಹದ ವಿಷಯವೂ ಹಾಗೆಯೇ. ಅದು ಮಂಗಳಕ್ಕೆ ಸದಾ ಒಂದೇ ಮುಖ ತೋರಿಸುತ್ತ ಸುಮಾರು 20,000 ಕಿ.ಮೀ. ಮೇಲೆ ಸುತ್ತುತ್ತದೆ. ಅದರ ಬೆನ್ನು ನೋಡಬೇಕೆಂದರೆ ಅದನ್ನೂ ದಾಟಿ ಹೋಗಬೇಕು. ಮಂಗಳಯಾನ ದಾಟಿ ಹೋಗಿತ್ತು, ನೋಡಿತು.

ನನಗೆ ಅತ್ಯಂತ ಪ್ರಿಯವಾದ ಕೆಲಸ ಇನ್ನೊಂದು. ಸುಮಾರು 4,000 ಕಿ.ಮೀ. ಉದ್ದದ ವ್ಯಾಲೆಸ್ ಮರಿನೆರಿಸ್ ಕಣಿವೆಯ ಚಿತ್ರಗಳಲ್ಲಿ ಮಬ್ಬು ಕವಿದಿತ್ತು. ಚಿತ್ರ ಕೆಟ್ಟಿತು ಎಂದು ಬದಿಗಿಡಬಹುದಿತ್ತು. ಇಸ್ರೋ ವಿಜ್ಞಾನಿಗಳು ಆ ಮಬ್ಬನ್ನೇ ಅಳೆದರು. ಮಳೆಗಾಲದಲ್ಲಿ ಚಾರ್ಮಾಡಿ ಹತ್ತಿದವರಿಗೆ ಇದರ ಮರ್ಮ ಗೊತ್ತು: ರಸ್ತೆಯಂಚಿನ ಮರ ಕಪ್ಪಗೆ, ಅದರಾಚೆಯದು ಬೂದು, ಎದುರಿನ ಗುಡ್ಡ ಇಲ್ಲವೇ ಇಲ್ಲ. ನಡುವಿನ ಗಾಳಿಯಲ್ಲಿ ಎಷ್ಟು ತುಂಬಿದೆಯೋ ಅಷ್ಟು ಬಣ್ಣ ಮಾಸುತ್ತದೆ. ಒಂದೇ ಇಳಿಜಾರನ್ನು ಬೇರೆ ಬೇರೆ ಕೋನದಿಂದ ತೆಗೆದ ಚಿತ್ರಗಳಲ್ಲಿ ಈ ಮಾಸುವಿಕೆಯನ್ನು ಹೋಲಿಸಿ, ಕಣಿವೆಯ ತಳದಲ್ಲಿ ಧೂಳು ದಟ್ಟ, ಮೇಲೇರಿದಂತೆ ತೆಳು ಎಂದು ಲೆಕ್ಕ ಹಾಕಿದರು. ಬಂಡೆ ಕಾಣದ ಕ್ಯಾಮೆರಾ ಗಾಳಿಯನ್ನು ಕಂಡಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ, ಹಾಸನ ಜಿಲ್ಲೆ ಆಲೂರಿನ ಎ.ಎಸ್. ಕಿರಣ್ ಕುಮಾರ್ ನಿರ್ದೇಶಕರಾಗಿದ್ದಾಗ ರೂಪುಗೊಂಡ, ಒಂದೂವರೆ ಕಿಲೋ ಕೂಡ ತೂಗದ ಉಪಕರಣ ಇದು. ಆರು ತಿಂಗಳಿಗೆಂದು ಕಳಿಸಿದ ನೌಕೆ 2022ರವರೆಗೆ ಸಂಪರ್ಕದಲ್ಲಿತ್ತು.

ನನ್ನ ತಕರಾರು ಚಿತ್ರಗಳ ಮೇಲಲ್ಲ, ಅವು ನಮ್ಮ ಕೈಗೆ ಬಂದ ಬಗೆಯ ಮೇಲೆ. ಮಂಗಳದ ಇನ್ನೊಂದು ಉಪಗ್ರಹ ಫೋಬೋಸ್‌ನ 2020ರ ಜುಲೈ 1ರ ಚಿತ್ರವನ್ನೇ ನೋಡಿ. ಆರು ಚೌಕಟ್ಟುಗಳನ್ನು ಕೂಡಿಸಿ ಬಣ್ಣ ತಿದ್ದಿದ್ದು, 4,200 ಕಿ.ಮೀ. ದೂರದ್ದು, ಒಂದು ಚುಕ್ಕಿಗೆ 210 ಮೀಟರ್ ಎಂದು ಇಸ್ರೋ ಸ್ಪಷ್ಟವಾಗಿ ಬರೆದಿತ್ತು. ಮೊಬೈಲಿನಿಂದ ಮೊಬೈಲಿಗೆ ಹರಿದಾಡುವಾಗ ಉಳಿಯುವುದು ಬಣ್ಣ ಮಾತ್ರ; ದೂರ, ಅಳತೆ, ತಿದ್ದುಪಡಿ ಮೂರೂ ಉದುರಿರುತ್ತವೆ. ಅವಿಲ್ಲದ ಚಿತ್ರ ಬರಿಯ ಅಲಂಕಾರ. 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಚಾರ್ಮಾಡಿ ಘಾಟಿ ರಸ್ತೆ ಮುಚ್ಚಿದ್ದನ್ನು ಕಂಡ ಬೆಳ್ತಂಗಡಿ ಸೀಮೆಯ ಮಕ್ಕಳು ಮೇಲಿನಿಂದ ತೆಗೆದ ನೆಲದ ಚಿತ್ರವನ್ನು ಓದಲು ಕಲಿಯಲೇಬೇಕು. ಇಸ್ರೋ 2015ರಲ್ಲಿ ಹೊರತಂದ ಮಂಗಳದ ಅಟ್ಲಾಸ್ ಅದಕ್ಕೆ ಒಳ್ಳೆಯ ಪಠ್ಯವಾದೀತು. ಅದರ ಹತ್ತು ಹಾಳೆಗಳಾದರೂ ಬೆಳ್ತಂಗಡಿ ತಾಲೂಕಿನ ಶಾಲೆಗಳಿಗೆ ಬರಲಿ. ಪ್ರತಿಯೊಂದರ ಕೆಳಗೂ ಎತ್ತರ, ಚುಕ್ಕಿಯ ಅಳತೆ, ಬಿಸಿಲು ಬಿದ್ದ ದಿಕ್ಕು ಕನ್ನಡದಲ್ಲಿ ಅಚ್ಚಾಗಿರಲಿ.