ಕೋಶಗಣಕ ಯಂತ್ರವೂ ಆಡುಕುರಿಗಳ ರಕ್ತವೂ: ಒಂದು ವಿಮರ್ಶೆ

ರಕ್ತಕಣಗಳನ್ನು ಸ್ವಯಂಚಾಲಿತ ಯಂತ್ರದಿಂದ ಎಣಿಸಲಾಯಿತು ಎಂಬ ಒಂದು ವಾಕ್ಯವು ಈಚೆಗೆ ಸಂಶೋಧನ ಪ್ರಬಂಧಗಳ ವಿಧಾನಭಾಗದಲ್ಲಿ ಮಂಗಲಶ್ಲೋಕದಂತೆ ತಪ್ಪದೆ ಬರುತ್ತಿದೆ. ಯಂತ್ರವು ಎಷ್ಟು ಗಾತ್ರದ ಕಣವನ್ನು ಎಣಿಕೆಗೆ ತೆಗೆದುಕೊಂಡಿತು, ಯಾವುದನ್ನು ಬಿಟ್ಟಿತು ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಪರೀಕ್ಷಕರೂ ಸಾಮಾನ್ಯವಾಗಿ ಕೇಳುವುದಿಲ್ಲ. ಕೈಯೆಣಿಕೆಯ ಕಾಲದಲ್ಲಿ ಹೀಗಿರಲಿಲ್ಲ. ರಕ್ತವನ್ನು ಎಷ್ಟು ಪಾಲು ತೆಳುಮಾಡಿದಿರಿ, ಎಷ್ಟು ಚೌಕಗಳನ್ನು ಎಣಿಸಿದಿರಿ, ಗೆರೆಯ ಮೇಲೆ ಕುಳಿತ ಕಣವನ್ನು ಯಾವ ಕಡೆಗೆ ಸೇರಿಸಿದಿರಿ ಎಂಬ ಪ್ರಶ್ನೆಗಳಿಗೆ ವಿದ್ಯಾರ್ಥಿಯು ಉತ್ತರ ಕೊಡಲೇಬೇಕಾಗಿತ್ತು. ಯಂತ್ರ ಬಂದ ಮೇಲೆ ಪ್ರಶ್ನೆಗಳು ನಿಂತುಹೋದುವು. ಈ ಮೌನವನ್ನು ಕುರಿತು ನಾವು ಇಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲಿಗೆ ಯಂತ್ರಕ್ಕೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸಿಬಿಡೋಣ. ಜರ್ಮನಿಯ ಕಾರ್ಲ್ ವಿಯೆರಾರ್ಟ್ 1852ರಲ್ಲಿ ರಕ್ತಕಣಗಳ ಎಣಿಕೆಯನ್ನು ಪ್ರಕಟಿಸಿದಂದಿನಿಂದ ಒಂದು ಶತಮಾನದವರೆಗೆ ಕಣ್ಣು, ಬೆರಳು, ತಾಳ್ಮೆ ಇವೇ ಈ ವಿದ್ಯೆಯ ಉಪಕರಣಗಳಾಗಿದ್ದುವು. ಇಂದಿಗೂ ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ನ್ಯೂಬಾರ್ ಚೇಂಬರಿನಲ್ಲಿ ದ್ರವದ ಆಳ 0.1 ಮಿಲಿಮೀಟರು. 200 ಪಾಲು ತೆಳುಮಾಡಿದ ರಕ್ತವನ್ನು ಅದರ 80 ಕಿರುಚೌಕಗಳಲ್ಲಿ ಎಣಿಸಿದರೆ, ಘನಮಿಲಿಮೀಟರಿಗೆ 50 ಲಕ್ಷ ಕೆಂಪು ಕಣಗಳುಳ್ಳ ಆರೋಗ್ಯವಂತ ಮನುಷ್ಯನ ರಕ್ತದಲ್ಲಿ ಕೈಗೆ ಸಿಗುವುದು ಸುಮಾರು 500 ಕಣಗಳು. ಯಾದೃಚ್ಛಿಕವಾಗಿ ಹರಡಿರುವ ವಸ್ತುಗಳ ಎಣಿಕೆಯಲ್ಲಿ ತಪ್ಪಿನ ಪ್ರಮಾಣವು ಎಣಿಸಿದ ಸಂಖ್ಯೆಯ ವರ್ಗಮೂಲದಷ್ಟು. 500ಕ್ಕೆ ಅದು 22, ಎಂದರೆ ನೂರಕ್ಕೆ ನಾಲ್ಕೂವರೆ. ಎಷ್ಟು ಎಚ್ಚರದಿಂದ ಎಣಿಸಿದರೂ ಈ ತಪ್ಪು ಹೋಗುವುದಿಲ್ಲ; ಪಿಪೆಟ್ಟಿನ ತಪ್ಪು, ದಣಿದ ಕಣ್ಣಿನ ತಪ್ಪು ಇವು ಇದರ ಮೇಲಿನವು. ಯಂತ್ರವಾದರೋ ಕೆಲವೇ ಕ್ಷಣಗಳಲ್ಲಿ ಹತ್ತಾರು ಸಾವಿರ ಕಣಗಳನ್ನು ಎಣಿಸುತ್ತದೆ. ಆದುದರಿಂದ ಹಳೆಯದೆಲ್ಲ ಚೆನ್ನಾಗಿತ್ತೆಂಬ ಹಂಬಲ ನಮ್ಮದಲ್ಲ.

ಅಮೆರಿಕದ ವ್ಯಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟು ಪಡೆದ ಯುಕ್ತಿಯೇ ಇಂದಿಗೂ ಬಹುಪಾಲು ಯಂತ್ರಗಳ ಮೂಲ. ಉಪ್ಪುನೀರಿನಲ್ಲಿ ತೇಲಿಬಿಟ್ಟ ಕಣಗಳನ್ನು ಅತಿ ಕಿರಿದಾದ ರಂಧ್ರದ ಮೂಲಕ ಹಾಯಿಸಿ, ರಂಧ್ರದ ಎರಡು ಬದಿಗೂ ವಿದ್ಯುದಗ್ರಗಳನ್ನಿಟ್ಟು ಪ್ರವಾಹ ಹರಿಸುತ್ತಾರೆ. ಕಣವು ವಿದ್ಯುತ್ತನ್ನು ಚೆನ್ನಾಗಿ ಒಯ್ಯದ ವಸ್ತು. ಅದು ರಂಧ್ರವನ್ನು ದಾಟುವ ಗಳಿಗೆಯಲ್ಲಿ ರೋಧ ಏರಿ ಒಂದು ಮಿಡಿತ ಉಂಟಾಗುತ್ತದೆ. ಮಿಡಿತದ ಎತ್ತರವು ಕಣದ ಗಾತ್ರಕ್ಕೆ ಅನುಗುಣವಾಗಿರುತ್ತದೆ. ಇಲ್ಲಿಯೇ ನಮ್ಮ ವಿಮರ್ಶೆಯ ತಿರುಳಿದೆ. ಈ ಬಗೆಯ ಯಂತ್ರ ಕಣವನ್ನು ನೋಡುವುದಿಲ್ಲ; ಮಿಡಿತವನ್ನು ಅಳೆಯುತ್ತದೆ, ಅಷ್ಟೆ. ಇಷ್ಟೆತ್ತರದ ಮಿಡಿತವನ್ನು ಕೆಂಪು ಕಣವೆಂದೂ ಅದಕ್ಕಿಂತ ಕುಳ್ಳಾದುದನ್ನು ಪ್ಲೇಟ್‌ಲೆಟ್ ಎಂದೂ ಕರೆಯತಕ್ಕದ್ದೆಂದು ಮೊದಲೇ ಯಾರೋ ಒಬ್ಬರು ಗೆರೆ ಹಾಕಿಟ್ಟಿರುತ್ತಾರೆ. ಆ ಗೆರೆ ಪ್ರಕೃತಿಯದಲ್ಲ, ಮನುಷ್ಯನ ತೀರ್ಮಾನ.

ಮನುಷ್ಯರಕ್ತಕ್ಕೆಂದು ಹೊಂದಿಸಿದ ಹಲವು ಯಂತ್ರಗಳಲ್ಲಿ ಸುಮಾರು 36 ಘನಮೈಕ್ರಾನಿಗೆ ಮೇಲ್ಪಟ್ಟುದು ಕೆಂಪು ಕಣ. 2ರಿಂದ 20ರ ಒಳಗಿನದು ಪ್ಲೇಟ್‌ಲೆಟ್. ಮನುಷ್ಯನ ಕೆಂಪು ಕಣದ ಸರಾಸರಿ ಗಾತ್ರ 80ರಿಂದ 100 ಘನಮೈಕ್ರಾನು ಆದುದರಿಂದ ಈ ಏರ್ಪಾಡು ಅವನ ಮಟ್ಟಿಗೆ ಸರಿಯೇ. ಈಗ ವಾಚಕರು ನಮ್ಮೊಡನೆ ಸಿಂದಗಿ ತಾಲೂಕಿನ ಕನ್ನೊಳ್ಳಿಯ ಕಡೆಗೆ ಬರಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಈ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಒಕ್ಕಲುತನದ ಮನೆಯನ್ನು ಹಿಡಿದು ನಿಲ್ಲಿಸುವುದು ಆಡು ಕುರಿಗಳು. ಇವುಗಳ ನಾಲ್ಕನೆಯ ಹೊಟ್ಟೆಯಲ್ಲಿ ನೆಲಸಿ ರಕ್ತ ಹೀರುವ ಹಿಮಾಂಕಸ್ ಎಂಬ ಜಂತುವಿನಿಂದ ಹಿಂಡುಗಳಿಗೆ ರಕ್ತಹೀನತೆ ತಗಲುತ್ತದೆ. ಇದು ಪ್ರಬಂಧಕ್ಕೆ ಒಳ್ಳೆಯ ವಿಷಯ. ಒಬ್ಬ ವಿದ್ಯಾರ್ಥಿ ಕನ್ನೊಳ್ಳಿಯ ಹಿಂಡುಗಳಿಂದ ರಕ್ತವನ್ನು ಸಂಗ್ರಹಿಸಿದನೆಂದಿಟ್ಟುಕೊಳ್ಳೋಣ. ಪಶುವೈದ್ಯ ವಿಶ್ವವಿದ್ಯಾಲಯವಿರುವುದು ದೂರದ ಬೀದರಿನಲ್ಲಿ. ಮನುಷ್ಯರ ರಕ್ತಪರೀಕ್ಷೆಯ ಯಂತ್ರವಾದರೋ ಹತ್ತಿರದ ಊರಿನಲ್ಲಿಯೇ ಸಿಕ್ಕೀತು. ಅವನು ಶೀಶೆಗಳನ್ನು ಎಲ್ಲಿಗೆ ಒಯ್ಯುವನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕುರಿಯ ಕೆಂಪು ಕಣದ ಸರಾಸರಿ ಗಾತ್ರ 28ರಿಂದ 40 ಘನಮೈಕ್ರಾನು. ಆಡಿನದು 16ರಿಂದ 25 ಮಾತ್ರ. ಕುರಿಯ ಕಣಗಳಲ್ಲಿ ಬಹು ಭಾಗವೂ ಆಡಿನವುಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಯಂತ್ರದ ಗೆರೆಯ ಕೆಳಗೆ ನುಸುಳಿಹೋಗುತ್ತವೆ. ಅಷ್ಟೇ ಆದರೆ ಹೇಗೋ ಸಹಿಸಬಹುದಾಗಿತ್ತು. ಆಡಿನ ಕಣಗಳು ಹೋಗಿ ಬೀಳುವುದು ಪ್ಲೇಟ್‌ಲೆಟ್‌ಗಳ ಮನೆಯಲ್ಲಿ. ಕೆಂಪು ಕಣದ ಅಂಕಿ ಪಾತಾಳಕ್ಕಿಳಿಯುತ್ತದೆ. ಪ್ಲೇಟ್‌ಲೆಟ್ಟಿನ ಅಂಕಿ ಆಕಾಶಕ್ಕೇರುತ್ತದೆ, ಇಲ್ಲವೆ ಯಂತ್ರವು ಅಂಕಿಗೆ ಬದಲಾಗಿ ಒಂದು ಚಿಹ್ನೆಯನ್ನು ಒತ್ತಿ ಸುಮ್ಮನಾಗುತ್ತದೆ. ಹೀಗೆ ಗಟ್ಟಿಮುಟ್ಟಾದ ಹಿಂಡಿಗೆ ಕಾಗದದ ಮೇಲೆ ಘೋರ ರಕ್ತಹೀನತೆ ಬರುತ್ತದೆ. ಅದನ್ನು ನಂಬಿ ಇಡಿಯ ಹಿಂಡಿಗೆ ಜಂತಿನ ಔಷಧ ಕುಡಿಸಿದರೆ ಕುರಿಗಾಹಿಯ ಹಣ ಹೋಗುವುದಲ್ಲದೆ, ಔಷಧಕ್ಕೆ ಜಗ್ಗದ ಜಂತುಗಳು ಉಳಿದು ಬೆಳೆಯಲು ನಾವೇ ದಾರಿಮಾಡಿದಂತಾಗುತ್ತದೆ. (ಕೋಳಿಯ ರಕ್ತದ ಪಾಡು ಇನ್ನೂ ವಿಚಿತ್ರ. ಅದರ ಕೆಂಪು ಕಣಕ್ಕೆ ಕೋಶಕೇಂದ್ರವಿದೆ. ಬಿಳಿ ಕಣವನ್ನೆಣಿಸಲು ಕೆಂಪು ಕಣಗಳನ್ನು ಒಡೆದಾಗ ಈ ಕೇಂದ್ರಗಳು ಉಳಿದು, ಮನುಷ್ಯರಕ್ತದ ಯಂತ್ರಕ್ಕೆ ಬಿಳಿ ಕಣಗಳಾಗಿ ತೋರುತ್ತವೆ.)

ಸೋಜಿಗವೆಂದರೆ ಈ ತಪ್ಪನ್ನು ಹಿಡಿದುಕೊಡುವ ಸಾಕ್ಷಿಯು ಯಂತ್ರ ಕೊಟ್ಟ ಅದೇ ಚೀಟಿಯಲ್ಲಿರುತ್ತದೆ. ಹಿಮೋಗ್ಲೋಬಿನ್ನನ್ನು ಯಂತ್ರವು ಎಣಿಸುವುದಿಲ್ಲ. ಕಣಗಳನ್ನು ಒಡೆದು ದ್ರವದ ಬಣ್ಣದಿಂದ ಅಳೆಯುತ್ತದೆ. ಆದುದರಿಂದ ಗೆರೆ ಎಲ್ಲಿದ್ದರೂ ಆ ಅಂಕಿ ಬಹುಮಟ್ಟಿಗೆ ನಿಜವಾದುದೇ. ಆಡೊಂದರ ರಕ್ತದಲ್ಲಿ ಡೆಸಿಲೀಟರಿಗೆ 10 ಗ್ರಾಂ ಹಿಮೋಗ್ಲೋಬಿನ್ನೂ ಘನಮಿಲಿಮೀಟರಿಗೆ 140 ಲಕ್ಷ ಕಣಗಳೂ ಇವೆಯೆನ್ನೋಣ. ಒಂದು ಕಣದ ಪಾಲಿಗೆ ಸುಮಾರು 7 ಪೈಕೋಗ್ರಾಂ ಬಂದಿತು. ಆಡಿಗೆ ಇದು ಸಹಜವಾದ ಅಂಕಿ. ಯಂತ್ರವು ಕಣಗಳನ್ನು 20 ಲಕ್ಷವೆಂದು ಎಣಿಸಿದರೆ ಅದೇ ಭಾಗಾಕಾರವು 50 ಪೈಕೋಗ್ರಾಂ ಕೊಡುತ್ತದೆ. 20 ಘನಮೈಕ್ರಾನಿನ ಕಣದ ಒಟ್ಟು ತೂಕವೇ ಇಪ್ಪತ್ತು ಚಿಲ್ಲರೆ ಪೈಕೋಗ್ರಾಂ! ತನ್ನ ತೂಕದ ಎರಡರಷ್ಟಕ್ಕೂ ಮಿಕ್ಕ ಹಿಮೋಗ್ಲೋಬಿನ್ನನ್ನು ಹೊತ್ತ ಕಣವನ್ನು ಒಪ್ಪಿಕೊಂಡು ಪ್ರಬಂಧದ ಕೋಷ್ಟಕದಲ್ಲಿ ಬರೆಯುವವನು ಯಂತ್ರವನ್ನು ದೂರುವಂತಿಲ್ಲ. ಪಶುಗಳಿಗೆಂದೇ ಮಾಡಿದ ಯಂತ್ರಗಳಲ್ಲಿ ಜಾತಿಗೆ ತಕ್ಕಂತೆ ಗೆರೆಯನ್ನು ಬದಲಿಸುವ ಏರ್ಪಾಡಿದೆ. ಅದು ಇಲ್ಲದ ಕಡೆ ಕಿರುನಾಳದಲ್ಲಿ ರಕ್ತವನ್ನು ಗರಗರನೆ ತಿರುಗಿಸಿ, ಕಣಗಳು ಎಷ್ಟು ಭಾಗವನ್ನು ತುಂಬಿವೆಯೆಂದು ಅಳತೆಪಟ್ಟಿಯ ಮೇಲೆ ಓದಿಕೊಳ್ಳಬಹುದು. ಆ ವಿಧಾನಕ್ಕೆ ಕಣದ ಗಾತ್ರದ ಹಂಗಿಲ್ಲ. ಹಿಂಡಿನ ರಕ್ತಹೀನತೆಗೆ ಅದೇ ಸಾಕೆಂದೂ ನಾವು ತಿಳಿಯುತ್ತೇವೆ.

ಇದು ಪಶುಗಳ ಮಾತಾಯಿತು, ಮನುಷ್ಯರಿಗೆ ಸಂಬಂಧವಿಲ್ಲವೆಂದು ಯಾರಾದರೂ ಹೇಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ರಕ್ತಹೀನರು. ಕಬ್ಬಿಣದ ಕೊರತೆಯಲ್ಲಿ ಕಣವು ಸಣ್ಣದಾಗುತ್ತದೆ. ಕೊರತೆ ತೀವ್ರವಾದಲ್ಲಿ ಅತಿ ಸಣ್ಣ ಕಣಗಳೂ ಚೂರುಗಳೂ ಗೆರೆಯ ಕೆಳಗಿಳಿದು ಪ್ಲೇಟ್‌ಲೆಟ್ಟುಗಳ ಅಂಕಿಯನ್ನು ಸುಳ್ಳಾಗಿ ಉಬ್ಬಿಸಬಲ್ಲುವು. ಹೆಪ್ಪುಗಟ್ಟದಂತೆ ಶೀಶೆಗೆ ಹಾಕುವ ಇಡಿಟಿಎಯಿಂದ ಕೆಲವರ ಪ್ಲೇಟ್‌ಲೆಟ್ಟುಗಳು ಗುಂಪುಗೂಡಿ, ಇದ್ದವೂ ಇಲ್ಲವೆನಿಸಿಕೊಳ್ಳುವುದುಂಟು. ಡೆಂಗಿ ಜ್ವರದ ದಿನಗಳಲ್ಲಿ ಇವೆರಡೂ ಬರಿಯ ಪುಸ್ತಕದ ಸಂಗತಿಗಳಲ್ಲ.

ಮಿಡಿತಕ್ಕೆ ಬದಲು ಚಿತ್ರವನ್ನೇ ನೋಡುವ ಯಂತ್ರಗಳೂ ಬಂದಿವೆ. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಿಗ್‌ಟ್ಯುಪಲ್ ಸಂಸ್ಥೆಯ ಯಂತ್ರವು ಗಾಜಿನ ಮೇಲೆ ಸವರಿದ ರಕ್ತದ ಚಿತ್ರಗಳನ್ನು ತಾನೇ ತೆಗೆದು, ಕಣಗಳನ್ನು ವಿಂಗಡಿಸಿ, ರೋಗಶಾಸ್ತ್ರಜ್ಞನ ಕಣ್ಣಮುಂದೆ ಒಪ್ಪಿಗೆಗಾಗಿ ಇಡುತ್ತದೆ. ಈ ಮಾರ್ಗವು ನಮಗೆ ಮೆಚ್ಚುಗೆಯಾದುದು, ಏಕೆಂದರೆ ಇದರಲ್ಲಿ ಎಣಿಸಿದ ವಸ್ತುವನ್ನು ತಿರುಗಿ ನೋಡಬಹುದು. ಆದರೂ ಯಾವ ರಕ್ತವನ್ನು ತೋರಿಸಿ ಕಲಿಸಿದರೋ ಆ ರಕ್ತವನ್ನೇ ಇಂಥ ಯಂತ್ರ ಚೆನ್ನಾಗಿ ಬಲ್ಲದು. ಗೆರೆ ಇಲ್ಲಿಯೂ ಇದೆ, ಕಾಣುವುದಿಲ್ಲ, ಅಷ್ಟೆ. ಕೋಶಗಳನ್ನು ಬೆಳೆಸುವ ಪ್ರಯೋಗಶಾಲೆಗಳಲ್ಲಿ ಟ್ರೈಪಾನ್ ನೀಲಿ ಹಾಕಿ ಸತ್ತವನ್ನೂ ಬದುಕಿದವನ್ನೂ ಎಣಿಸುವ ಯಂತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಅಂಟಿಕೊಂಡ ಮೂರು ಕೋಶಗಳು ಒಂದೋ ಮೂರೋ ಎಂಬುದು ಹೊಂದಿಸಿಟ್ಟ ಗಾತ್ರದ ಮಿತಿಯನ್ನು ಅವಲಂಬಿಸಿದೆ.

ಆದುದರಿಂದ ಮಾರ್ಗದರ್ಶಕರಲ್ಲಿಯೂ ಪರೀಕ್ಷಕರಲ್ಲಿಯೂ ನಮ್ಮ ಬೇಡಿಕೆ ಸಣ್ಣದು. ಎಣಿಕೆಯ ಕೋಷ್ಟಕದ ತಲೆಯಲ್ಲಿ ಯಂತ್ರದ ಹೆಸರಿನ ಜೊತೆಗೆ ಅದರ ಕೆಳಗೆರೆ, ಮೇಲ್ಗೆರೆ, ಯಾವ ಜಾತಿಯ ರಕ್ತಕ್ಕೆ ಹೊಂದಿಸಲಾಗಿತ್ತು ಎಂಬ ಮೂರನ್ನು ಬರೆಯಿಸಬೇಕು. ಹತ್ತರಲ್ಲಿ ಒಂದು ಮಾದರಿಯನ್ನಾದರೂ ಚೇಂಬರಿನಲ್ಲಿ ಕೈಯಿಂದ ಎಣಿಸಿ ಪಕ್ಕದಲ್ಲಿ ಕೊಡಿಸಬೇಕು. ಆಡಿನ ರಕ್ತಕ್ಕೆ 80 ಚೌಕಗಳಲ್ಲಿ 1400 ಕಣಗಳು ಬಂದು ಕಣ್ಣು ದಣಿಯುವುದೆಂದು ವಿದ್ಯಾರ್ಥಿಗಳು ಗೊಣಗುವುದು ನಮಗೆ ಗೊತ್ತು. 400 ಪಾಲು ತೆಳುಮಾಡಿಕೊಂಡರೆ 700 ಆಗುತ್ತವೆ.